ಗಂಗಜ್ಜಿಯ ತೂಬು ಮತ್ತು ನಮ್ಮೆಲ್ಲರ ಲಗ್ನಪತ್ರಿಕೆಗಳು

ನಾನು ಕಸ ಎಸೆಯುತ್ತಿದ್ದುದರಲ್ಲಿ ಒಂದು ಕೈಚಳಕವಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರನ್ನು ಬಯ್ಯಲು ಬಾಯಿ ಸ್ವಲ್ಪ ಹಗುರವಾಗುತ್ತದೆ.

ಬೆಳಿಗ್ಗೆ ಆರೂವರೆಗೆ ಸ್ಕೂಟರ್‌ನ ಮುಂದಿನ ಕೊಕ್ಕೆಗೆ ಕಸದ ಕವರ್ ಸಿಕ್ಕಿಸಿಕೊಂಡು ಉಪ್ಪಾರಹಳ್ಳಿಯ ಬಾಡಿಗೆ ಮನೆಯಿಂದ ಹೊರಡುತ್ತಿದ್ದೆ. ಮಾವಿನಕಟ್ಟೆ ಕೆರೆ ಏರಿಯ ತಿರುವಿನಲ್ಲಿ ವೇಗ ಇಳಿಸದೆ, ತಲೆ ತಿರುಗಿಸದೆ, ಎಡಗೈಯಲ್ಲಿ ಕವರ್ ಬಿಡಿಸಿಕೊಂಡು ಒಂದು ಸಲ ತೂಗಿ ಬಿಟ್ಟರೆ ಅದು ತಂತಿಬೇಲಿ ದಾಟಿ ತೂಬಿನ ಪಕ್ಕ ಹೋಗಿ ಬೀಳುತ್ತಿತ್ತು. ಬಿದ್ದ ಸದ್ದು ಕೇಳುವ ಹೊತ್ತಿಗೆ ನಾನು ನೂರು ಅಡಿ ಮುಂದೆ, ಹಿರೇಹಳ್ಳಿ ಫ್ಯಾಕ್ಟರಿಯ ಏಳು ಗಂಟೆ ಶಿಫ್ಟಿನ ಕಡೆ. ಅಲ್ಲಿ ನನ್ನ ಕೆಲಸ ಕ್ವಾಲಿಟಿ ಚೆಕಿಂಗ್. ಹೊರಗೆ ಹೋಗುವ ರಟ್ಟಿನ ಡಬ್ಬಿಗಳ ಮೇಲೆ ಸರಿಯಾದ ಹೆಸರು, ಸರಿಯಾದ ವಿಳಾಸ ಅಂಟಿದೆಯೋ ಇಲ್ಲವೋ ಎಂದು ಓದಿ ನೋಡುವುದು. ಈ ಕತೆಗೆ ಬೇಕಾದಷ್ಟು ನಗು ಆ ಕೆಲಸದಲ್ಲೇ ಇದೆ.

ಕಸದ ಗಾಡಿಯವರನ್ನು ದೂರುವ ಹಾಗಿಲ್ಲ. ಗಾಡಿ ಏಳೂವರೆಗೆ ಹಾಡು ಹಾಕಿಕೊಂಡು ತಪ್ಪದೆ ನಮ್ಮ ಬೀದಿಗೆ ಬರುತ್ತದೆ. ಆ ಹೊತ್ತಿಗೆ ನಾನು ಫ್ಯಾಕ್ಟರಿಯಲ್ಲಿರುತ್ತೇನೆ, ಹೆಂಡತಿ ಮಾನಸಾ ಸ್ಕೂಲ್ ಬಸ್ಸಿನಲ್ಲಿರುತ್ತಾಳೆ, ಅವಳು ಟೀಚರು. ಮೇಲಿನ ಮನೆಯವರನ್ನು ‘ನಮ್ಮದೂ ಒಂದು ಕೊಟ್ಟುಬಿಡಿ’ ಎಂದು ಕೇಳಬಹುದಿತ್ತು. ಕೇಳಲು ನಾಚಿಕೆ. ಕೆರೆಗೆ ಎಸೆಯಲು ನಾಚಿಕೆಯಿರಲಿಲ್ಲ. ಫ್ಯಾಕ್ಟರಿಯ ತೊಟ್ಟಿಗೆ ಹಾಕುತ್ತೇನೆ ಎಂದು ಮಾನಸಾಗೆ ಹೇಳಿದ್ದೆ.

ವಾರದ ಆರು ದಿನ ಎಸೆದ ಜಾಗಕ್ಕೆ ಏಳನೆಯ ದಿನ ನಾನು ವಾಕಿಂಗ್ ಹೋಗುತ್ತಿದ್ದೆ. ನಾನೊಬ್ಬನೇ ಅಲ್ಲ, ಅರ್ಧ ಬಡಾವಣೆ ಹೋಗುತ್ತಿತ್ತು. ಕೆರೆಗೆ ನಾಲ್ಕು ವರ್ಷದ ಹಿಂದೆ ನಡೆಯುವ ದಾರಿ, ಕಲ್ಲುಬೆಂಚು, ಹಂಸದ ಆಕಾರದ ಎರಡು ಪೆಡಲ್ ಬೋಟು, ಕೈಕಾಲು ಆಡಿಸುವ ಕಬ್ಬಿಣದ ಸಾಮಾನು ಎಲ್ಲ ಬಂದಿತ್ತು. ಅದರ ಜೊತೆಗೇ ಕಸವೂ ಬಂತು. ಕೆರೆ ಬರೀ ಕೆರೆಯಾಗಿದ್ದಾಗ ಅಲ್ಲಿಗೆ ರಸ್ತೆಯಿರಲಿಲ್ಲ, ಎಸೆಯಲು ಯಾರೂ ಅಷ್ಟು ದೂರ ನಡೆಯುತ್ತಿರಲಿಲ್ಲ. ಡಾಂಬರು ಹಾಕಿಕೊಟ್ಟ ಮೇಲೆ ನಮಗೆ ಅನುಕೂಲವಾಯಿತು. ಮೂಗು ಮುಚ್ಚಿಕೊಂಡು ತೂಬು ದಾಟುವುದು, ಯಾರೋ ಅನಾಗರಿಕರು ಎಂದು ಪಕ್ಕದವರಿಗೆ ಹೇಳುವುದು, ಮುಂದಿನ ಬೆಂಚಿನಲ್ಲಿ ಕೂತು ಪ್ರಾಣಾಯಾಮ ಮಾಡುವುದು. ಇಷ್ಟನ್ನು ನಾವು ಶಿಸ್ತಿನಿಂದ ನಡೆಸಿಕೊಂಡು ಬಂದೆವು.

ಆ ತೂಬಿನ ಹತ್ತಿರ ಕೂರುತ್ತಿದ್ದವಳು ದೊಡ್ಡಗಂಗಮ್ಮ. ವಾಕಿಂಗಿನವರ ಬಾಯಲ್ಲಿ ಸೊಪ್ಪಿನ ಗಂಗಜ್ಜಿ.

ಗಂಗಜ್ಜಿ ಹೆಬ್ಬೂರಿನ ಕಡೆಯವಳು. ಹದಿನೇಳನೆಯ ವಯಸ್ಸಿಗೆ ಈ ಕೆರೆಯ ನೀರಗಂಟಿ ಕಾಳಯ್ಯನನ್ನು ಮದುವೆಯಾಗಿ ಬಂದಳು. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಕಾಳಯ್ಯನ ಮನೆತನದ ಕೆಲಸ. ಆಗ ಏರಿಯ ಕೆಳಗೆ ಬರೀ ಬತ್ತ, ಅದರಾಚೆ ತೆಂಗಿನ ತೋಟ. ಈಗ ಬತ್ತದ ಜಾಗದಲ್ಲಿ ನಾವಿದ್ದೇವೆ. ನನ್ನ ಬಾಡಿಗೆ ಮನೆಯ ಅಡುಗೆಕೋಣೆ ಯಾವ ಗದ್ದೆಯ ಯಾವ ಬದುವಿನ ಮೇಲಿದೆ ಎಂದು ಕಾಳಯ್ಯ ಲೆಕ್ಕ ಹಾಕಿ ಹೇಳಬಲ್ಲ. ಉಳಿದದ್ದು ನಾಲ್ಕಾರು ತೋಟ, ಮತ್ತೆ ನೀರಗಂಟಿ ಮನೆಗೆಂದು ಹಿಂದಿನವರು ಬಿಟ್ಟುಕೊಟ್ಟ ಮೂರು ಗುಂಟೆ. ಬಿಟ್ಟುಕೊಟ್ಟವರು ಬಾಯಲ್ಲಿ ಕೊಟ್ಟಿದ್ದರು, ಕಾಗದದಲ್ಲಿ ಅಲ್ಲ.

ಆ ಮೂರು ಗುಂಟೆಯಲ್ಲಿ ಗಂಗಜ್ಜಿ ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಬೆಳೆಯುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಕಿತ್ತು, ತೊಳೆದು, ಬಾಳೆನಾರಿನಲ್ಲಿ ಕಟ್ಟಿ, ಏರಿಯ ಮೇಲೆ ಗೋಣಿ ಹಾಸಿಕೊಂಡು ಕೂರುವಳು. ಅವಳ ಬಾಯಿ ಸೊಪ್ಪಿಗಿಂತ ಹಸಿ. ದಪ್ಪಗಿರುವವರಿಗೆ, ಸುತ್ತು ಹೊಡೆದು ಪ್ರಯೋಜನವಿಲ್ಲ, ಹೆಂಡತಿ ಕೈಯಲ್ಲಿ ಸೊಪ್ಪುಸಾರು ಮಾಡಿಸಿ ಎನ್ನುವಳು. ನನಗಂತೂ ಮದುವೆಯಾದ ಹೊಸದರಲ್ಲಿ, ಗಂಡ ಸೊಪ್ಪು ಬಿಡಿಸಿಕೊಟ್ಟರೆ ಸಂಸಾರದಲ್ಲಿ ಅರ್ಧ ಜಗಳ ಕಮ್ಮಿ ಎಂದು ಪಾಠ ಹೇಳಿದ್ದಳು.

ಹೋದ ವರ್ಷ ಕಾಳಯ್ಯ ತೂಬಿನ ಬಾಯಿಗೆ ಸಿಕ್ಕಿಕೊಂಡ ಕವರುಗಳನ್ನು ಕೀಳಲು ನೀರಿಗಿಳಿದು ಒಡೆದ ಬಾಟಲಿ ತುಳಿದ. ಸಕ್ಕರೆ ಕಾಯಿಲೆಯ ಕಾಲು. ಮೂರು ಬೆರಳು ತೆಗೆಯಬೇಕಾಯಿತು. ಆ ಗಾಜು ನಮ್ಮ ಮನೆಯ ಉಪ್ಪಿನಕಾಯಿ ಬಾಟಲಿಯದಲ್ಲ ಎಂದು ಹೇಳಲು ನನ್ನ ಹತ್ತಿರ ಯಾವ ಆಧಾರವೂ ಇಲ್ಲ. ಅಲ್ಲಿಂದ ತೂಬಿಗಿಳಿಯುವ ಕೆಲಸವೂ ಗಂಗಜ್ಜಿಗೇ ಬಂತು. ದಿನಾ ಕೊಕ್ಕೆಯಲ್ಲಿ ಎಳೆದಷ್ಟೂ ದಿನಾ ತುಂಬುತ್ತಿತ್ತು. ಒಳ್ಳೆ ನೀರು ತೂಬಿನಲ್ಲಿ ಕಟ್ಟಿಕೊಂಡಿತು; ಕಸದ ಗುಡ್ಡೆಯಿಂದ ಬಸಿದ ಕಪ್ಪು ರಸ ಮಾತ್ರ ಅವಳ ಸೊಪ್ಪಿನ ಮಡಿಗಳಿಗೆ ಇಳಿಯಿತು. ಮೆಂತ್ಯ ಹುಟ್ಟಲೇ ಇಲ್ಲ. ದಂಟಿನ ಎಲೆಯ ಅಂಚು ಸುಟ್ಟಂತಾಯಿತು.

ಆಗ ವಾಕಿಂಗಿನವರು ಅವಳ ಸೊಪ್ಪು ಕೊಳ್ಳುವುದನ್ನು ಬಿಟ್ಟರು. ಕೊಳಚೆ ನೀರಿನ ಸೊಪ್ಪಂತೆ, ಆರೋಗ್ಯಕ್ಕೆ ಒಳ್ಳೆಯದಲ್ಲವಂತೆ. ನಾನೂ ಬಿಟ್ಟೆ. ಸೋಮವಾರದಿಂದ ಶನಿವಾರದವರೆಗೆ ಅವಳ ನೀರು ಕೆಡಿಸಿ, ಭಾನುವಾರ ನೀರು ಕೆಟ್ಟಿದೆ ಎಂದು ಅವಳ ಮುಂದೆಯೇ ಹಾದು ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ಪೊಟ್ಟಣದ ಪಾಲಕ್ ತಂದೆ. ತಿಂದ ಮೇಲೆ ಆ ಪೊಟ್ಟಣ ಎಲ್ಲಿಗೆ ಹೋಯಿತೆಂದು ಬೇರೆ ಹೇಳಬೇಕಿಲ್ಲ.

ಸೊಪ್ಪು ನಿಂತರೆ ಗಂಡಹೆಂಡತಿ ಕುಣಿಗಲ್ಲಿನ ಮಗಳ ಮನೆಗೆ ಹೋಗಬೇಕು. ಅಳಿಯ ಒಳ್ಳೆಯವನೇ, ಬನ್ನಿ ಎಂದೇ ಕರೆಯುತ್ತಿದ್ದಾನೆ. ‘ಅಲ್ಲಿ ಹೋಗಿ ಸೋಫಾ ಮ್ಯಾಲೆ ಕೂತ್ಕೊಂಡು ಟಿವಿ ನೋಡಕ್ಕೆ ನಮ್ಗೇನು ರೋಗವಾ?’ ಎಂದು ಗಂಗಜ್ಜಿ ಕೇಳುತ್ತಿದ್ದಳು. ನೀರು ಬಿಡುವವನು, ನೀರು ಕಟ್ಟುವವಳು. ಕೆರೆಯಿಂದ ಎಬ್ಬಿಸಿದರೆ ಅವರು ಏನು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಅವಳು ಅಳುತ್ತ ಕೂರಲಿಲ್ಲ. ಕವರುಗಳನ್ನು ಬಿಚ್ಚತೊಡಗಿದಳು.

ಇಲ್ಲಿ ನಮ್ಮ ಜನರ ಒಂದು ಗುಣ ಹೇಳಬೇಕು. ಕರೆಂಟು ಬಿಲ್ಲು ಹರಿದು ಬಿಸಾಡುತ್ತೇವೆ, ಕೊರಿಯರ್ ಚೀಟಿಯ ವಿಳಾಸ ಕೆರೆದು ಬಿಸಾಡುತ್ತೇವೆ. ಲಗ್ನಪತ್ರಿಕೆ ಮಾತ್ರ ಹರಿಯುವುದಿಲ್ಲ. ಮೂಲೆಗೆ ಅರಿಶಿನ ಹಚ್ಚಿರುತ್ತದೆ, ಮೇಲೆ ಗಣಪತಿಯಿರುತ್ತಾನೆ, ಒಳಗೆ ಗಂಡುಹೆಣ್ಣಿನ ಹೆಸರಿರುತ್ತದೆ. ಹರಿದರೆ ಅಪಶಕುನ. ಆದ್ದರಿಂದ ಆರು ತಿಂಗಳು ಟಿವಿ ಪಕ್ಕ ಇಟ್ಟುಕೊಂಡು, ಆಮೇಲೆ ಕವರಿನ ಸಮೇತ, ಒಂದು ಮಡಿಕೆಯೂ ಬೀಳದಂತೆ ಭಕ್ತಿಯಿಂದ ಕೋಳಿಮೂಳೆ, ಡಯಾಪರುಗಳ ನಡುವೆ ಇಟ್ಟು ಗಂಟು ಕಟ್ಟುತ್ತೇವೆ. ಕವರಿನ ಮೇಲೆ ಕರೆದವರು ದುಂಡು ಅಕ್ಷರದಲ್ಲಿ ಬರೆದಿರುತ್ತಾರೆ: ಶ್ರೀಮತಿ ಮತ್ತು ಶ್ರೀ ಇಂಥವರು, ಇಂಥ ಕ್ರಾಸು.

ಗಂಗಜ್ಜಿಗೆ ಓದು ಬಾರದು. ಆದರೆ ಅಷ್ಟು ಹೊಲಸಿನಲ್ಲಿ ಅಷ್ಟು ಅಂದವಾಗಿ ಉಳಿದದ್ದರ ಮೇಲೆ ಯಾರದ್ದೋ ಹೆಸರಿದೆ ಎಂದು ತಿಳಿಯಲು ಓದು ಬೇಕಿಲ್ಲ. ಸಿಕ್ಕಿದ ಪತ್ರಿಕೆಗಳನ್ನು ಒರೆಸಿ, ಬಿಸಿಲಿಗೆ ಒಣಗಿಸಿ, ಒಂದು ಚೀಲದಲ್ಲಿ ಕೂಡಿಟ್ಟಳು; ಯಾವುದು ಯಾವ ಕಸದಲ್ಲಿ ಸಿಕ್ಕಿತೆಂದು ನೆನಪಿಟ್ಟು ಆ ಕಸವನ್ನೂ ಬೇರೆ ತೆಗೆದಿಟ್ಟಳು. ಒಂದು ಭಾನುವಾರ ನನ್ನನ್ನು ಕರೆದಳು.

“ಪ್ರಸಾದಪ್ಪ, ನೀನು ಫ್ಯಾಕ್ಟ್ರೀಲಿ ಹೆಸ್ರು ಓದೋ ಕೆಲ್ಸ ತಾನೆ ಮಾಡದು? ಇವುನ್ನ ಒಂದೀಟು ಓದ್ಕೊಡು.”

ನನ್ನ ಹೆಸರು ರೇಣುಕಾಪ್ರಸಾದ್. ಪ್ರಸಾದಪ್ಪ ಎಂದು ಮರ್ಯಾದೆ ಸೇರಿಸಿ ಕರೆಯುವವಳು ಜಗತ್ತಿನಲ್ಲಿ ಅವಳೊಬ್ಬಳೇ. ಉಬ್ಬಿಹೋದೆ. ಬೆಂಚಿನ ಮೇಲೆ ಕೂತು ಗಂಟಲು ಸರಿಮಾಡಿಕೊಂಡು ಒಂದೊಂದೇ ಓದಿದೆ. ಎರಡನೆಯ ಕ್ರಾಸಿನ ಡಾಕ್ಟರು. ಮೆಡಿಕಲ್ ಸ್ಟೋರಿನವರು. ಮೂಲೆ ಮನೆಯ ಎಂಜಿನಿಯರು. ಪ್ರತಿ ಹೆಸರಿಗೂ ‘ಛೆ ಛೆ, ಓದಿದವರು ಹಿಂಗಾ’ ಎಂದು ಷರಾ ಬೇರೆ ಹಾಕಿದೆ. ಗಂಗಜ್ಜಿ ಹೆಸರು, ಮನೆಯ ಗುರುತು ಮನಸ್ಸಿನಲ್ಲಿಟ್ಟುಕೊಂಡು ತಲೆಯಾಡಿಸುತ್ತಿದ್ದಳು. ಆಗ ಆ ಬೆಳಿಗ್ಗೆಯಷ್ಟೇ ಬಿಚ್ಚಿದ ಚೀಲವನ್ನೂ ಅದರೊಳಗಿನ ಪತ್ರಿಕೆಯನ್ನೂ ನನ್ನ ಮುಂದೆ ಹಿಡಿದಳು. ಗುಲಾಬಿ ಬಣ್ಣ, ಜರಿಯಂಚು. ಗುಬ್ಬಿಯಲ್ಲಿ ನಡೆದ ಮಾನಸಾಳ ಚಿಕ್ಕಪ್ಪನ ಮಗಳು ಮಾಲಿನಿಯ ಮದುವೆಯದು. ಕವರಿನ ಮೇಲೆ ಚಿಕ್ಕಮಾವನ ಕೈಬರಹದಲ್ಲಿ ನಮ್ಮಿಬ್ಬರ ಹೆಸರು.

ಕಣ್ಣೆತ್ತಿದೆ. ಎದುರಿಗೆ ವಾಯುವಿಹಾರಿಗಳ ಸಂಘದ ಫಲಕ: ‘ಕೆರೆ ನಮ್ಮ ತಾಯಿ. ತಾಯಿಯ ಮಡಿಲಿಗೆ ಕಸ ಹಾಕಬೇಡಿ.’ ಅದರ ಕೆಳಗೆ ಅಧ್ಯಕ್ಷರ ಹೆಸರು. ನನ್ನ ಬಾಯಿ ಅದನ್ನೇ ಓದಿತು.

“ಷಡಕ್ಷರಿಯವರದು ಅಜ್ಜಿ.”

ಷಡಕ್ಷರಿ ನಿವೃತ್ತ ಪ್ರಿನ್ಸಿಪಾಲರು. ಇಸ್ತ್ರಿ ಮಾಡಿದ ಟ್ರ್ಯಾಕ್‌ಪ್ಯಾಂಟು ಹಾಕುವ ಏಕೈಕ ಮನುಷ್ಯ. ಅಷ್ಟು ದೊಡ್ಡವರ ಮನೆಗೆ ಇವಳು ಹೋಗುವ ಧೈರ್ಯ ಮಾಡುವುದಿಲ್ಲ, ಮಾತು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡೆ. ಪತ್ರಿಕೆಯನ್ನು, ನನ್ನ ಹತ್ತಿರ ಇರಲಿ, ಸಾಕ್ಷಿಗೆ ಬೇಕಾಗುತ್ತದೆ ಎಂದು ಜೇಬಿಗಿಳಿಸಿದೆ.

ಮಾರನೆಯ ದಿನವೇ ಗಂಗಜ್ಜಿ ಹೊರಟಳು. ಅವಳು ಹೋದ ರೀತಿಯೇ ಬೇರೆ. ಮದುವೆಗೆ ಕರೆಯಲು ಹೋಗುವವರಂತೆ ಒಗೆದ ಸೀರೆ ಉಟ್ಟು, ಒಂದು ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು, ಇನ್ನೊಂದು ಕೈಯಲ್ಲಿ ಅವರವರ ಕಸದ ಚೀಲ. ಮನೆಯ ಹೆಂಗಸನ್ನು ಕರೆದು ಕುಂಕುಮ ಕೊಟ್ಟು, ಆಮೇಲೆ ಚೀಲವನ್ನು ಹೊಸ್ತಿಲ ಪಕ್ಕ ಇಟ್ಟು ಹೇಳುವಳು: “ನಿಮ್ದು ಕೆರೆ ತಾವ ಮರ್ತೋಗಿತ್ತು ಕಣವ್ವ, ತಂದಿದೀನಿ. ಬರೋ ಭಾನ್ವಾರ ತೂಬು ಶುದ್ಧ ಮಾಡ್ತೀವಿ. ಮನೆಮಂದಿ ಎಲ್ಲಾ ಬರ್ಬೇಕು.” ಕುಂಕುಮ ಇಟ್ಟುಕೊಂಡ ಮೇಲೆ ಬಯ್ಯುವುದು ಹೇಗೆ? ಡಾಕ್ಟರ ಮನೆಯವರು ಚೀಲ ಒಳಗೆ ತೆಗೆದುಕೊಂಡರು. ಎಂಜಿನಿಯರ ಮನೆಯಲ್ಲಿ ಕಾಫಿಯನ್ನೂ ಕೊಟ್ಟರಂತೆ.

ಷಡಕ್ಷರಿಯವರ ಮನೆಯಲ್ಲಿ ಹಾಗಾಗಲಿಲ್ಲ. ಅವರ ಹೆಂಡತಿ ಸರ್ವಮಂಗಳ ಕುಂಕುಮಕ್ಕೆ ಕೈ ಚಾಚುವ ಮೊದಲೇ ಅವರು ಹೊರಗೆ ಬಂದರು. ತಮ್ಮ ಮನೆಯ ಕಸ ಇಪ್ಪತ್ತು ವರ್ಷದಿಂದ ಗಾಡಿಗೇ ಹೋಗುತ್ತಿದೆ, ಯಾವನು ಹೇಳಿದ್ದು, ಪತ್ರಿಕೆ ಎಲ್ಲಿ ಎಂದು ಕೇಳಿದರು. ಗಂಗಜ್ಜಿ, ಓದಿಕೊಟ್ಟವರ ಹತ್ತಿರ ಇದೆ ಎಂದಳು. ಓದಿದ್ದು ಯಾರು ಎಂದರೆ ಹೇಳಲಿಲ್ಲ. ಹುಡುಗನಿಗೆ ಯಾಕೆ ತೊಂದರೆ ಎಂದು ಸುಮ್ಮನಾದಳಂತೆ. ಬೀದಿಯವರೆಲ್ಲ ಗೇಟಿಗೆ ಬಂದು ನಿಂತು ನೋಡುವಾಗ ಆ ಚೀಲವನ್ನು ಅವಳೇ ಎತ್ತಿಕೊಂಡು ಹಿಂದಿರುಗಿದಳು. ನನ್ನ ಮನೆಯ ಕಸವನ್ನು ಹೊತ್ತು ನನ್ನ ಮನೆಯ ಮುಂದಿನಿಂದಲೇ ಹೋದಳು.

ಮೂರು ದಿನದಲ್ಲಿ ಮನವಿಪತ್ರ ತಯಾರಾಯಿತು. ತೂಬಿನ ಕೆಳಗೆ ಅಕ್ರಮವಾಗಿ ಸೊಪ್ಪು ಬೆಳೆಯುತ್ತಿರುವ ಮಹಿಳೆಯೊಬ್ಬರು ಊರಿನ ಕಸವನ್ನೆಲ್ಲ ತಂದು ಗುಡ್ಡೆ ಹಾಕಿ, ಬಿಚ್ಚಿ, ಕೆರೆಯ ಅಂದ ಕೆಡಿಸುತ್ತಿದ್ದಾರೆ, ಕೂಡಲೇ ತೆರವುಗೊಳಿಸಬೇಕು. ನಾವು ಎಸೆದದ್ದನ್ನು ಅವಳು ಬಾಚಿ ಒಂದೆಡೆ ಸೇರಿಸಿದ್ದೇ ಅವಳ ಅಪರಾಧ. ಕುಂಕುಮ ತೆಗೆದುಕೊಂಡ ಮನೆಗಳವರೂ ಸಹಿ ಹಾಕಿದರು. ಕಾಫಿ ಕೊಟ್ಟವರೂ ಹಾಕಿದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಉರಿಯಬಾರದು, ಯಾಕೆಂದರೆ ಇಪ್ಪತ್ತೆಂಟನೆಯ ಸಹಿ ನನ್ನದು. ಷಡಕ್ಷರಿಯವರೇ ಸಂಜೆ ಬಾಗಿಲಿಗೆ ಬಂದು ಕಾಗದ ಚಾಚಿ, ನಿಮ್ಮಂಥ ಯುವಕರು ಮುಂದೆ ಬರಬೇಕು ಎಂದರು. ಯುವಕ ಮುಂದೆ ಬಂದ, ಪೆನ್ನು ಕೂಡ ತನ್ನದೇ ತಂದ.

ಪತ್ರಿಕೆ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಅದನ್ನು ಹರಿದುಹಾಕಿದ್ದರೆ ಎಲ್ಲ ಮುಗಿಯುತ್ತಿತ್ತು. ಎರಡು ಸಲ ಕೈಗೆತ್ತಿಕೊಂಡೆ. ಗಣಪತಿಯ ಮುಖ ನೋಡಿ ವಾಪಸ್ ಇಟ್ಟೆ. ಮಾಲಿನಿ ಆಗ ಏಳು ತಿಂಗಳ ಬಸುರಿ. ಒಬ್ಬ ಮುದುಕಿಯ ಬದುಕು ಕೀಳಲು ಸಹಿ ಹಾಕಿದ ಕೈಗೆ ಒಂದು ಕಾಗದ ಹರಿಯಲು ಅಪಶಕುನದ ಭಯ.

ಶನಿವಾರ ತೆಂಗಿನಕಾಯಿ ತೆಗೆಯಲು ಡಿಕ್ಕಿ ಎತ್ತಿದ ಮಾನಸಾ ಅದನ್ನು ನೋಡಿದಳು. ಕಸಕ್ಕೆ ಹಾಕಿದ್ದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದಳು. ಹೇಳಿದೆ. ಕೈಚಳಕದಿಂದ ಹಿಡಿದು ಇಪ್ಪತ್ತೆಂಟನೆಯ ಸಹಿಯವರೆಗೆ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಲೆಕ್ಕ ಚುಕ್ತವಾಯಿತು ಎಂದುಕೊಳ್ಳುತ್ತಿದ್ದೆ.

“ಗಂಟು ಕಟ್ತಿದ್ದೋಳು ನಾನು, ಕವರ್ ಮೇಲೆ ನನ್ನ ಹೆಸರೂ ಇದೆ,” ಎಂದಳು. “ನಾಳೆ ನೀವು ಹೇಳ್ತೀರೋ, ನಾನು ಹೋಗಿ ಹೇಳ್ಲೋ?”

ಸೋಮವಾರ ಮನವಿ ತಾಲ್ಲೂಕು ಕಚೇರಿಗೆ ಹೋಗುವುದಿತ್ತು. ತೂಬು ಶುದ್ಧಕ್ಕೆ ಗೊತ್ತಾಗಿದ್ದ ಭಾನುವಾರ ಬೆಳಿಗ್ಗೆ, ಶುದ್ಧ ಮುಂದಕ್ಕೆ ಹೋಗಿ, ಕೆರೆಯ ಕಲ್ಲುಮಂಟಪದಲ್ಲಿ ಸಂಘದ ಸಭೆ. ಗಂಗಜ್ಜಿಯನ್ನೂ ಕರೆಸಿದ್ದರು. ಅವಳು ಕೂರಲಿಲ್ಲ, ಕಂಬಕ್ಕೆ ಒರಗಿ ನಿಂತಿದ್ದಳು. ಕಾಳಯ್ಯ ಊರುಗೋಲು ಹಿಡಿದು ದೂರದಲ್ಲಿ, ತೂಬಿನ ಕಟ್ಟೆಯ ಮೇಲೆ ಕೂತಿದ್ದ. ಷಡಕ್ಷರಿ ಮಾತು ಶುರುಮಾಡಿ, ಗಂಗಜ್ಜಿ ಸುಳ್ಳು ಆರೋಪ ಮಾಡಿದ್ದಕ್ಕೆ ತಪ್ಪೊಪ್ಪಿಕೊಂಡು, ಓದಿದವರು ಯಾರೆಂದು ಈಗಲಾದರೂ ಹೇಳಿದರೆ ನೋಡೋಣ ಎಂದರು.

“ಓದಿದೋರು ಮರ್ಯಾದಸ್ಥರು ಕಣ್ರಪ್ಪ,” ಎಂದಳು ಗಂಗಜ್ಜಿ. “ಅವ್ರು ಯಾಕೆ ಸುಳ್ಳು ಓದ್ತಾರೆ? ಬುಡಿ, ಹೆಸ್ರು ಹೇಳಾಕಿಲ್ಲ.”

ಹಿಂದಿನ ಸಾಲಿನಲ್ಲಿ ಕೂತಿದ್ದ ಮರ್ಯಾದಸ್ಥ ಎದ್ದು ನಿಂತ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಪಕ್ಕದಲ್ಲಿದ್ದ ಮಾನಸಾ ‘ಜೋರಾಗಿ’ ಎಂದಳು.

“ಓದಿದ್ದು ನಾನು ಸಾರ್. ಅದು ನಮ್ಮನೆ ಕಸ. ನಿಮ್ಮ ಹೆಸರು ಬೋರ್ಡ್ ನೋಡಿ ಹೇಳಿದ್ದು.”

ಜೇಬಿನಿಂದ ಪತ್ರಿಕೆ ತೆಗೆದು ಅವರ ಕೈಗೆ ಕೊಟ್ಟೆ. ಷಡಕ್ಷರಿ ಕನ್ನಡಕ ಏರಿಸಿ ಕವರ್ ಓದಿದರು, ಮನವಿಪತ್ರ ತಿರುವಿ ನನ್ನ ಸಹಿ ಹುಡುಕಿದರು, ಎರಡನ್ನೂ ಪಕ್ಕಪಕ್ಕ ಹಿಡಿದರು. “ಏನ್ರೀ ಪ್ರಸಾದ್, ನಾಚಿಕೆ ಅನ್ನೋದು ಏನಾದ್ರೂ ಇದೆಯೇನ್ರೀ?” ಎಂದರು. ಅವರು ಇಡೀ ಬದುಕಿನಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಇಷ್ಟು ಸರಿಯಾದದ್ದು ಇನ್ನೊಂದಿರಲಾರದು. ಸುತ್ತ ಕೂತವರೆಲ್ಲ ‘ಛೆ ಛೆ, ಓದಿದವರು ಹಿಂಗಾ’ ಎಂದರು. ಆ ಮಾತು ನನಗೆ ಗುರುತು ಸಿಕ್ಕಿತು.

ಗಂಗಜ್ಜಿ ನನ್ನನ್ನು ನೋಡಿದ ನೋಟ ಬರೆಯಲು ಬರುವುದಿಲ್ಲ. ಸಿಟ್ಟಲ್ಲ. ತಕ್ಕಡಿಯ ಮೇಲಿಟ್ಟ ಕಲ್ಲು ಕಮ್ಮಿ ತೂಕದ್ದು ಎಂದು ತಿಳಿದವರು ಆ ಕಲ್ಲನ್ನು ನೋಡುವ ಹಾಗೆ. ಆಮೇಲೆ ಕಂಬದ ಬುಡದಲ್ಲಿದ್ದ ಚೀಲವನ್ನು ತಂದು ನನ್ನ ಕಾಲ ಹತ್ತಿರ ಇಟ್ಟಳು. ಒಳಗೆ ಒಣಗಿಸಿದ ಪತ್ರಿಕೆಗಳು.

“ಇವುನ್ನೂ ಓದು,” ಎಂದಳು. “ಈ ಸಲ ಬರ್ದಿರೋದುನ್ನ ಓದು.”

ಪ್ರಸಾದಪ್ಪ ಎಂಬುದರ ಅಪ್ಪ, ಹೆಸರಿನ ಸಮೇತ, ಬಿದ್ದುಹೋಗಿತ್ತು.

ಓದಿದೆ. ಫ್ಯಾಕ್ಟರಿಯಲ್ಲಿ ಓದುವ ಹಾಗೆ, ಹೆಸರು, ಕ್ರಾಸು, ಮನೆ ನಂಬರು. ಷರಾ ಹಾಕಲಿಲ್ಲ. ಮೊದಲ ಒಂಬತ್ತು ಹೆಸರಿನಲ್ಲಿ ಆರು ಜನ ಮನವಿಗೆ ಸಹಿ ಹಾಕಿದವರು. ಆರರಲ್ಲಿ ನಾಲ್ವರು ಅಲ್ಲೇ ಕೂತಿದ್ದರು. ಡಾಕ್ಟರಿಗೆ ಫೋನು ಬಂತು. ಎಂಜಿನಿಯರು ಶೂ ಲೇಸು ಕಟ್ಟಿಕೊಳ್ಳತೊಡಗಿ, ಕಟ್ಟಿ ಮುಗಿಸಿ, ಎದ್ದು ಹೋದರು. ಮೆಡಿಕಲ್ ಸ್ಟೋರಿನವರು ಮಾತ್ರ ಕೂತೇ ಇದ್ದು, ಹೌದು ನಮ್ಮದೇ, ಏನೀಗ ಎಂದರು. ಅವರ ಮೇಲೆ ನನಗೆ ಒಂದು ಬಗೆಯ ಗೌರವ ಹುಟ್ಟಿತು. ಇಪ್ಪತ್ತಮೂರನೆಯ ಪತ್ರಿಕೆ ಮುಗಿಯುವ ಹೊತ್ತಿಗೆ ಮಂಟಪದಲ್ಲಿ ಏಳೆಂಟು ಜನ ಉಳಿದಿದ್ದರು.

ಷಡಕ್ಷರಿಯವರ ಹೆಸರು ಕೊನೆಗೂ ಬರಲಿಲ್ಲ. ಅದನ್ನು ಹೇಳಲೇಬೇಕು. ಅವರು ಕಸ ಎಸೆದವರಲ್ಲ. ಎಸೆಯದವರೇ ಅವಳನ್ನು ಎಬ್ಬಿಸಲು ಹೊರಟಿದ್ದರು ಎಂಬುದು ಎಸೆದವರ ಸಣ್ಣತನಕ್ಕಿಂತ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ಅವರು ಎದ್ದು ಮನವಿಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಸೋಮವಾರ ಕೊಡಲಿಲ್ಲ. ಇದುವರೆಗೂ ಕೊಟ್ಟಿಲ್ಲ. ಹರಿದೂ ಹಾಕಿಲ್ಲ. ಕಾಗದ ಅವರ ಮನೆಯಲ್ಲಿದೆ, ಗಂಗಜ್ಜಿಯ ಮೂರು ಗುಂಟೆಗೆ ಕಾಗದ ಇನ್ನೂ ಇಲ್ಲ.

ಮರುದಿನ ಸಂಜೆ ಅವಳು ನಮ್ಮ ಮನೆಗೆ ಬಂದಳು. ಒಗೆದ ಸೀರೆ, ಕುಂಕುಮದ ಬಟ್ಟಲು, ನಮ್ಮದೇ ಚೀಲ. ಷಡಕ್ಷರಿಯವರ ಗೇಟಿನಿಂದ ಹಿಂದಿರುಗಿದ ಮೇಲೂ ಅದನ್ನು ಬೇರೆ ಕಸಕ್ಕೆ ಸೇರಿಸದೆ ತೆಗೆದಿಟ್ಟಿದ್ದಳು. ಮಾನಸಾಗೆ ಕುಂಕುಮ ಕೊಟ್ಟು, ಚೀಲವನ್ನು ಹೊಸ್ತಿಲ ಪಕ್ಕ ಇಟ್ಟು, ಉಳಿದವರಿಗೆ ಹೇಳಿದ್ದನ್ನೇ ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ ಹೇಳಿದಳು. ನನ್ನ ಕಡೆ ನೋಡಲಿಲ್ಲ. ಕಾಫಿ ಬೇಡವೆಂದಳು.

ಮುಂದಿನ ಭಾನುವಾರ ತೂಬಿಗೆ ಹನ್ನೊಂದು ಜನ ಬಂದರು. ಮೆಡಿಕಲ್ ಸ್ಟೋರಿನವರು ಗ್ಲೌಸಿನ ಡಬ್ಬಿ ತಂದಿದ್ದರು. ಸರ್ವಮಂಗಳ ಗಂಡನಿಗೆ ಹೇಳದೆ ಬಂದಿದ್ದರು. ಕಾಳಯ್ಯ ಕಟ್ಟೆಯ ಮೇಲಿಂದ, ಎಡಕ್ಕೆ ಹಾಕು, ಅಡಿಗೆ ಹಾಕು ಎಂದು ನನ್ನನ್ನು ಸೊಂಟದ ಮಟ್ಟದ ನೀರಿನಲ್ಲಿ ಎರಡು ಗಂಟೆ ಆಡಿಸಿದ. ಕೊಕ್ಕೆಗೆ ಬಂದ ಒಂದೊಂದು ಕವರನ್ನೂ ಎಲ್ಲೋ ನೋಡಿದ್ದೇನೆ ಅನ್ನಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತೂಬು ಒಂದು ಸಲ ಕೆಮ್ಮಿದ ಹಾಗೆ ಸದ್ದು ಮಾಡಿ ನೀರು ಬಿಟ್ಟಿತು. ಅದು ಮಡಿಗಳವರೆಗೆ ಹೋಗುವುದನ್ನು ಗಂಡಹೆಂಡತಿ ನೋಡಿದರು.

ಈಗ ದಂಟು ಬಂದಿದೆ, ಮೆಂತ್ಯ ಹುಟ್ಟಿದೆ. ಕುಣಿಗಲ್ಲಿನ ಮಾತು ಸದ್ಯಕ್ಕೆ ಯಾರೂ ಎತ್ತುತ್ತಿಲ್ಲ. ಕೊಳ್ಳುವವರು ಮೊದಲಿನ ಅರ್ಧದಷ್ಟು ಇದ್ದಾರೆ. ನಮ್ಮ ಕಸ ಮೇಲಿನ ಮನೆಯವರ ಕೈಯಿಂದ ಗಾಡಿಗೆ ಹೋಗುತ್ತದೆ. ಕೇಳಲು ಅರ್ಧ ನಿಮಿಷ ಹಿಡಿಯಿತು.

ಕಸ ನಿಂತಿತೆಂದು ಹೇಳುವ ಆಸೆ ನನಗೂ ಇದೆ. ನಿಂತಿಲ್ಲ. ಚೀಲಗಳು ಕಮ್ಮಿಯಾಗಿವೆ, ಆದರೆ ಬೀಳುತ್ತವೆ. ನಮ್ಮ ಜನ ಒಂದು ಪಾಠ ಮಾತ್ರ ಚೆನ್ನಾಗಿ ಕಲಿತಿದ್ದಾರೆ. ಲಗ್ನಪತ್ರಿಕೆಯ ಕವರಿನಲ್ಲಿ ಹೆಸರು ಬರೆದ ಭಾಗವನ್ನಷ್ಟೇ ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದಿರುತ್ತಾರೆ. ಗಣಪತಿಗೆ ಕತ್ತರಿ ತಾಗಿರುವುದಿಲ್ಲ. ಗಂಡುಹೆಣ್ಣಿನ ಹೆಸರಿಗೂ ತಾಗಿರುವುದಿಲ್ಲ. ಕಸ ಎಸೆಯುವುದನ್ನು ಬಿಡುವುದಕ್ಕಿಂತ ಅಷ್ಟು ಕಷ್ಟದ ಕೆಲಸ ಅವರಿಗೆ ಸುಲಭವಾಗಿ ಕಂಡಿದೆ.

ಗಂಗಜ್ಜಿ ಈಗಲೂ ಬಿಚ್ಚುತ್ತಾಳೆ. ಹತ್ತರಲ್ಲಿ ಒಂದರ ಮೇಲೆ ಯಾರೋ ಮರೆತ ಹೆಸರು ಉಳಿದಿರುತ್ತದೆ. ಭಾನುವಾರ ನಾನು ತೂಬಿನ ಕಸ ಎಳೆದು ಮೇಲೆ ಬಂದ ಮೇಲೆ ಆ ಪತ್ರಿಕೆಗಳನ್ನು ನನ್ನ ಕೈಗೇ ಕೊಡುತ್ತಾಳೆ. ನಾನು ಗಟ್ಟಿಯಾಗಿ ಓದುತ್ತೇನೆ. ಅವಳು ಕೇಳಿಸಿಕೊಂಡು, ತಲೆಯಾಡಿಸಿ, ಪತ್ರಿಕೆಯನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡು, ನನ್ನ ಜೊತೆಗೆ ಬಂದಿರುವ ಮಾನಸಾಳಿಗೆ ಕೊಡುತ್ತಾಳೆ.

“ನೀನೊಂದು ಕಿತ ಓದವ್ವ,” ಎನ್ನುತ್ತಾಳೆ.